ಬಲಕ್ಕೆ ಅಂದರೆ ಹಲಸಿನ ಹಣ್ಣು

ಮದುವೆಯಾಗಿ ಆರು ವರ್ಷವಾದರೂ ಮಾವ ಕಾಸ್ರಾನ್ ತಮ್ಮ ಅಳಿಯ ಮುಖ್ಲಾಸನನ್ನು 'ಚಾಕ್' ಎಂದೇ ಕರೆಯುತ್ತಿದ್ದರು. ಸುರಬಾಯಾದಲ್ಲಿ ಅದು ಅಣ್ಣ ಅಂದಷ್ಟೇ ಗೌರವದ ಮಾತು. ಅವನು ಹುಟ್ಟಿ ಬೆಳೆದ, ಅಲ್ಲಿನ ಪೆರಾಕ್ ಬಂದರಿನ ಓಣಿಯಲ್ಲಿ ಮೀನು ಮಾರುವವನೂ ಚಾಕ್, ಹಡಗಿನ ಮೂಟೆ ಇಳಿಸುವವನೂ ಚಾಕ್. ಆದರೆ ತೊಂಬತ್ತು ಕಿಲೋಮೀಟರ್ ಆಚೆಯ ಮಲಾಂಗಿನಲ್ಲಿ, ಅದೂ ಕಾಸ್ರಾನರ ಬಾಯಲ್ಲಿ, ಆ ಮಾತಿಗೆ ಒಂದೇ ಅರ್ಥ: ನೀನು ಈ ಊರಿನವನಲ್ಲ.

ಈ ಊರಿನವನಾದರೆ 'ಸಾಮ್' ಅನ್ನಬೇಕು. ಬೇರೆಯವರೆಲ್ಲ ಗಂಡಸರನ್ನು 'ಮಾಸ್' ಎಂದು ಕರೆದರೆ ಮಲಾಂಗಿನವರು ಅದನ್ನು ಹಿಂದುಮುಂದು ಮಾಡಿ ಸಾಮ್ ಅನ್ನುತ್ತಾರೆ. ಅದೊಂದೇ ಅಲ್ಲ, ಅರ್ಧಕ್ಕರ್ಧ ಮಾತು ಅವರ ಬಾಯಲ್ಲಿ ಮಗುಚಿಕೊಂಡೇ ಬರುತ್ತದೆ. ಕಾಫಿಗೆ ಕೋಪಿ ಅನ್ನುವುದಿಲ್ಲ, ಇಪೋಕ್ ಅನ್ನುತ್ತಾರೆ. ಡಚ್ಚರ ಕಾಲದಲ್ಲಿ ಗೂಢಚಾರರಿಗೆ ತಿಳಿಯದಿರಲಿ ಎಂದು ಅಜ್ಜಂದಿರು ಕಟ್ಟಿದ ಭಾಷೆ ಇದು ಎಂದು ಕಾಸ್ರಾನ್ ಗಿರಾಕಿಗಳಿಗೆ ಎದೆ ಉಬ್ಬಿಸಿ ಹೇಳುತ್ತಿದ್ದರು.

ಮುಖ್ಲಾಸನಿಗೆ ಈ ವಿದ್ಯೆ ಹತ್ತಲೇ ಇಲ್ಲ. ಊರವರು ಮಾತನ್ನು ಬಾಲದಿಂದ ತಲೆಯವರೆಗೆ ಪೂರ್ತಿ ತಿರುಗಿಸಿದರೆ ಅವನು ಎರಡು ತುಂಡು ಮಾಡಿ ಅದಲುಬದಲು ಇಡುತ್ತಿದ್ದ. ಮದುವೆಯಾದ ಮರುದಿನ ಮಾವನ ಬಾಕ್ಸೊ ಅಂಗಡಿಯಲ್ಲಿ, ಹತ್ತು ಜನ ಮಾಂಸದುಂಡೆಯ ಸಾರು ಕುಡಿಯುತ್ತ ಕೂತಿದ್ದಾಗ, ಹೊಸ ಅಳಿಯ ಗತ್ತಿನಿಂದ "ಒಂದು ಪಿಕೋ" ಎಂದು ಕೇಳಿದ. ಒಬ್ಬನ ಮೂಗಿನಿಂದ ಸಾರು ಬಂತು. ಅವತ್ತಿನಿಂದ ಅಂಗಡಿಯಲ್ಲಿ, ಅವನು ಗೋಲ್‌ಕೀಪರ್ ಆಗಿದ್ದ ಸಿಂಗ ಅರ್ಜುನೋ ತಂಡದಲ್ಲಿ, ಎಲ್ಲೆಲ್ಲೂ ಅವನ ತಪ್ಪು ಮಾತೇ ತಮಾಷೆಯ ಮಾತು. ಎಡಕ್ಕೆ ಅನ್ನಲು ಅಲ್ಲಿ 'ಕಿರಿ'. ಊರವರು ಅದನ್ನು 'ಇರಿಕ್' ಅಂದರೆ ಇವನು 'ರಿಕಿ' ಅಂದ. ಬಲಕ್ಕೆ 'ಕಾನನ್'. ಊರವರು 'ನನಾಕ್' ಅಂದರೆ ಇವನ ಬಾಯಲ್ಲಿ ಅದು 'ನಂಕಾ' ಆಯಿತು. ನಂಕಾ ಅಂದರೆ ಹಲಸಿನ ಹಣ್ಣು. ಮೈದಾನದಲ್ಲಿ ಅವನು ಒಮ್ಮೆ ನಂಕಾ ಎಂದು ಕೂಗಿದಾಗ ಡಿಫೆಂಡರುಗಳೆಲ್ಲ ನಕ್ಕು ಗೋಲು ಬಿಟ್ಟರು. ಆಮೇಲೆ ಕೋಚ್ ಸುಗೆಂಗ್ ಕಟ್ಟುನಿಟ್ಟು ಮಾಡಿದರು: ಮ್ಯಾಚಿನಲ್ಲಿ ಕೂಗುವ ಕೆಲಸ ಡಿಫೆಂಡರ್ ಪ್ರಿಹಾದಿಯದು. ಮುಖ್ಲಾಸ್ ಚೆಂಡು ಹಿಡಿದರೆ ಸಾಕು, ಬಾಯಿ ಬಿಡಬಾರದು.

ಈ ವರ್ಷ ಲೀಗಿನ ಕೊನೆಯ ಮ್ಯಾಚು ಬಂದದ್ದು ಸುರಬಾಯಾದ ಬಹಾರಿ ಪೆರಾಕ್ ತಂಡದ ಮೇಲೆ. ಗೆದ್ದವರು ಮೇಲಿನ ದರ್ಜೆಗೆ. ಸಮವಾದರೂ ಬಹಾರಿಯೇ ಮೇಲೆ ಹೋಗುತ್ತದೆ, ಅವರಿಗೆ ಒಂದು ಪಾಯಿಂಟು ಹೆಚ್ಚು. ಸಿಂಗ ಅರ್ಜುನೋ ಅವರನ್ನು ಸೋಲಿಸಿ ಹನ್ನೊಂದು ವರ್ಷವಾಗಿತ್ತು.

ಮ್ಯಾಚಿನ ದಿನ ಬೆಳಿಗ್ಗೆ ಮುಖ್ಲಾಸ್ ಎದ್ದು ಹೊರಗೆ ಬಂದಾಗ ಅವನ ಬೈಕು ಅಂಗಡಿಯ ಮುಂದೆ ಇರಲಿಲ್ಲ. ಹಿತ್ತಿಲಲ್ಲಿ, ಕೋಳಿಗೂಡಿನ ಪಕ್ಕ ನಿಂತಿತ್ತು. ನಂಬರ್ ಪ್ಲೇಟಿನ ಮೇಲೆ ಒದ್ದೆ ಬಟ್ಟೆ. ಸುರಬಾಯಾ ಗಾಡಿಗಳ ಪ್ಲೇಟು 'ಎಲ್' ಅಕ್ಷರದಿಂದ ಶುರುವಾಗುತ್ತದೆ. ಈ ಎರಡು ತಂಡಗಳ ಮ್ಯಾಚಿನ ದಿನ ಆ ಅಕ್ಷರಕ್ಕೆ ಮಲಾಂಗಿನಲ್ಲಿ ಕಲ್ಲು ಬೀಳುವುದುಂಟು. ಇಲ್ಲಿನ 'ಎನ್' ಅಕ್ಷರಕ್ಕೆ ಅಲ್ಲೂ ಅಷ್ಟೇ.

ಅಂಗಡಿಯೊಳಗೆ ಕೋಚ್ ಸುಗೆಂಗ್ ಕೂತಿದ್ದರು. ಕಾಸ್ರಾನ್ ಸಾರು ಬಡಿಸುತ್ತ, ಮುಖ್ಲಾಸ್ ಬಂದದ್ದು ಕಂಡರೂ ಮಾತು ನಿಲ್ಲಿಸಲಿಲ್ಲ.

"ಇವತ್ತೊಂದಿನ ಅವನನ್ನ ಕೂರಿಸ್ಬಿಡು ಸಾಮ್. ಆ ಇನ್ನೊಬ್ಬ ಹುಡುಗನ್ನ ಇಳಿಸು."

"ಅವನ ಕೈ ಬೆಣ್ಣೆ, ಚೆಂಡು ಜಾರುತ್ತೆ ಕಣ್ರೀ, ಪಾಕ್." ಅಪ್ಪನನ್ನೂ ಹಿರಿಯರನ್ನೂ ಅಲ್ಲಿ ಪಾಕ್ ಅನ್ನುವುದು ರೂಢಿ.

"ಬೆಣ್ಣೆಯಾದ್ರೂ ಊರಿನ ಬೆಣ್ಣೆ. ಇವನು ಒಂದು ಗೋಲು ಬಿಟ್ರೂ ಬೇಕಂತಲೇ ಬಿಟ್ಟ ಅಂತಾರೆ. ತವರಿನವರಿಗೆ ಬಾಗಿಲು ತೆಗೆದ ಅಂತಾರೆ. ನಾಳೆ ನನ್ನ ಮಗಳು ಇದೇ ಸಂತೆಗೆ ತರಕಾರಿಗೆ ಹೋಗ್ಬೇಕು."

ಒಳಗಿನಿಂದ ಮುಖ್ಲಾಸನ ಹೆಂಡತಿ ರೆತ್ನೊ ಈರುಳ್ಳಿ ಹೆಚ್ಚುವುದನ್ನು ಬಿಟ್ಟು, ಕತ್ತಿ ಹಿಡಿದೇ ಬಂದಳು. "ಇಡೀ ವರ್ಷ ಅವರ ಕೈಲಿ ಚೆಂಡು ಹಿಡಿಸಿ, ಇವತ್ತು ಮಾತ್ರ ಅವರ ಹುಟ್ಟೂರು ನೆನಪಾಯ್ತಾ ಪಾಕ್? ನನ್ನ ತರಕಾರಿ ನಾನು ತರ್ತೀನಿ. ನೀವು ನಿಮ್ಮ ಸಾರು ನೋಡ್ಕೊಳ್ಳಿ, ಉಕ್ತಾ ಇದೆ."

ಸಾರು ನಿಜವಾಗಿಯೂ ಉಕ್ಕುತ್ತಿತ್ತು. ಕಾಸ್ರಾನ್ ಆ ಕಡೆ ತಿರುಗಿದರು. ಕೋಚ್ ಬಟ್ಟಲು ಬರಿದು ಮಾಡಿ ಬಾಯಿ ಒರೆಸಿಕೊಂಡರು. "ನೀನೇ ಆಡ್ತೀಯ ಮುಖ್ಲಾಸ್. ಆದ್ರೆ ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ. ಅದು ತಲೇಲಿರಲಿ."

ಮುಖ್ಲಾಸನ ತಲೆಯಲ್ಲಿ ಅದು ಬಿಟ್ಟು ಬೇರೇನೂ ಇರಲಿಲ್ಲ. ಮಾವ ಮಗಳ ಮೇಲಿನ ಕಾಳಜಿಗೇ ಹಾಗೆ ಹೇಳಿದರು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು. ಸಿಟ್ಟಿನ ಮಾತಾಗಿದ್ದರೆ ತಿರುಗಿ ಒಂದು ಆಡಬಹುದಿತ್ತು. ಇವತ್ತು ಸೋತರೆ ಹೆಂಡತಿಯನ್ನು ಕರೆದುಕೊಂಡು ಬೇರೆ ಊರು ನೋಡಬೇಕು, ಅಷ್ಟೇ.

ನಾಲ್ಕು ಗಂಟೆಗೆ ಮೈದಾನ ಸಿಂಗ ಅರ್ಜುನೋದ ನೀಲಿ ಅಂಗಿಗಳಿಂದ ತುಂಬಿತ್ತು. ಬಹಾರಿಯ ಅಭಿಮಾನಿಗಳಿಗೆ ಪ್ರವೇಶವಿರಲಿಲ್ಲ. ಅವರ ಆಟಗಾರರು ಎಂದಿನಂತೆ ಕಲ್ಲೇಟಿನ ಭಯಕ್ಕೆ ಪೊಲೀಸರ ಕಬ್ಬಿಣದ ಗಾಡಿಯಲ್ಲಿ ಬಂದಿಳಿದರು. ಅವರ ಫಾರ್ವರ್ಡ್ ಫೈರೂಜ್ ಮುಖ್ಲಾಸನದೇ ಓಣಿಯವನು. ಕೈಕುಲುಕುವಾಗ "ಚೆನ್ನಾಗಿದ್ದೀಯ, ಚಾಕ್?" ಅಂದ. ಅವನು ಪ್ರೀತಿಯಿಂದಲೇ ಕರೆದದ್ದು. ಆದರೂ ಮುಖ್ಲಾಸ್ ಯಾರಾದರೂ ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದ.

ಆಟ ಶುರುವಾದ ಹತ್ತನೇ ನಿಮಿಷಕ್ಕೆ ಪ್ರಿಹಾದಿ "ನನಾಕ್" ಎಂದು ಕೂಗಿದ. ಡಿಫೆಂಡರುಗಳೆಲ್ಲ ಬಲಕ್ಕೆ ಸರಿದರು. ಅದೇ ಕ್ಷಣಕ್ಕೆ ಚೆಂಡು ಎಡಗಡೆಯ ಖಾಲಿ ಜಾಗಕ್ಕೆ ಬಂತು. ಫೈರೂಜ್ ಒಬ್ಬನೇ ಓಡಿಬಂದು ಗೋಲು ಹೊಡೆದ. ಮೂವತ್ತನೇ ನಿಮಿಷಕ್ಕೆ "ಇರಿಕ್" ಎಂದ ಕೂಗು, ಚೆಂಡು ಬಲಕ್ಕೆ, ಇನ್ನೊಂದು ಗೋಲು. ಎರಡರಲ್ಲೂ ಮುಖ್ಲಾಸ್ ಮಾಡುವುದೇನೂ ಇರಲಿಲ್ಲ. ಆದರೆ ಮೈದಾನ ಅದನ್ನು ಕೇಳಲಿಲ್ಲ. ಒಂದು ಮೂಲೆಯಿಂದ "ಚಾಕ್, ಚಾಕ್, ಚಾಕ್" ಎಂಬ ಕೂಗು ಹುಟ್ಟಿ ಸುತ್ತು ಹೊಡೆಯಿತು. ಎದುರು ಬದಿಯ ಗೋಲಿನ ಹಿಂದಿನ ಬೇಲಿಗೆ ಒರಗಿ, ನಲವತ್ತು ವರ್ಷದಿಂದ ತಾವು ನಿಲ್ಲುವ ಜಾಗದಲ್ಲೇ ನಿಂತಿದ್ದ ಕಾಸ್ರಾನ್ ಮಾತ್ರ ಕೂಗಲಿಲ್ಲ. ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದರು.

ಆದರೆ ಮುಖ್ಲಾಸ್ ಒಂದನ್ನು ಗಮನಿಸಿದ್ದ. ಎರಡನೇ ಸಲ ಪ್ರಿಹಾದಿ ಕೂಗಿದಾಗ ಫೈರೂಜ್ ಚೆಂಡಿನ ಕಡೆ ನೋಡಿರಲಿಲ್ಲ. ಪ್ರಿಹಾದಿಯ ಬಾಯಿ ನೋಡಿ ನಕ್ಕಿದ್ದ.

ವಿರಾಮದಲ್ಲಿ ಕೋಣೆಯೊಳಗೆ ಯಾರೋ ನೀರಿನ ಬಾಟಲಿಯನ್ನು ಗೋಡೆಗೆ ಒದ್ದರು. ಕೊನೆಗೆ ಮುಖ್ಲಾಸನೇ ಬಾಯಿ ಬಿಟ್ಟ.

"ಅವ್ರಿಗೆ ನಮ್ಮ ಮಾತು ಗೊತ್ತು."

"ಯಾವ ಮಾತು?" ಪ್ರಿಹಾದಿ ಕೆರಳಿದ.

"ಇರಿಕ್, ನನಾಕ್, ಎಲ್ಲಾ. ನೀನು ಕೂಗೋ ಮೊದ್ಲೇ ಅವ್ರು ನಿನ್ನ ಬಾಯಿಗೆ ಕಾಯ್ತಾರೆ."

ಕೋಚ್ ಹಣೆ ಹಿಡಿದುಕೊಂಡರು. "ಅಯ್ಯೋ, ಅವರ ಹೊಸ ಸಹಾಯಕ ಕೋಚು. ಎಂಟು ವರ್ಷ ನಮ್ಮ ದೊಡ್ಡ ಸಂತೇಲಿ ಚಪ್ಪಲಿ ಅಂಗಡಿ ಇಟ್ಟಿದ್ದ. ನನಗೇ ಎರಡು ಜೊತೆ ಮಾರಿದ್ದಾನೆ, ಒಂದು ತಿಂಗಳೂ ಬಾಳಿಕೆ ಬರ್ಲಿಲ್ಲ."

"ಹಾಗಾದ್ರೆ ಇನ್ಮೇಲೆ ಕೂಗೋದು ಹೇಗೆ?" ಅಂದ ಪ್ರಿಹಾದಿ. "ನೆಟ್ಟಗೆ ಕೂಗಿದ್ರೂ ತಿಳಿಯುತ್ತೆ, ಮಗುಚಿ ಕೂಗಿದ್ರೂ ತಿಳಿಯುತ್ತೆ. ಹೊಸ ಗುಟ್ಟು ಕಲಿಯೋಕೆ ಹತ್ತು ನಿಮಿಷದಲ್ಲಿ ಆಗುತ್ತಾ?"

ಮುಖ್ಲಾಸ್ ಕೈಗವಸನ್ನು ತಿರುವುತ್ತ ಕೂತ. ಹೇಳಿದರೆ ನಗುತ್ತಾರೆ ಎಂದು ಗೊತ್ತಿತ್ತು. ಆರು ವರ್ಷ ನಕ್ಕಿದ್ದಾರೆ, ಇನ್ನೊಂದು ಸಲ ನಕ್ಕರೆ ನಷ್ಟವೇನು ಅನ್ನಿಸಿತು. ಎದ್ದು ನಿಂತು ಮೆಲ್ಲಗೆ ಅಂದ:

"ನಂಕಾ."

ಹಿಂದಿನ ಬೆಂಚಿನಿಂದ ಒಬ್ಬನ ಕಿಸಕ್ ನಗು. ಆದರೆ ಪ್ರಿಹಾದಿ ನಗಲಿಲ್ಲ. ಅವನ ಬಾಯಿ ಹಾಗೇ ತೆರೆದುಕೊಂಡಿತ್ತು.

"ಇನ್ನೊಂದ್ಸಲ ಅನ್ನು."

"ನಂಕಾ. ರಿಕಿ."

"ಇದು ನಮಗೆಲ್ಲ ಬರುತ್ತೆ ಕೋಚ್," ಪ್ರಿಹಾದಿ ಗೋಡೆಗೆ ಕೈ ಬಡಿದ. "ಆರು ವರ್ಷ ಇವನನ್ನ ಆಡ್ಕೊಂಡು ಆಡ್ಕೊಂಡು ನಮಗೆ ಬಾಯಿಪಾಠ ಆಗಿದೆ. ನನ್ನ ಹೆಂಡ್ತಿನೂ ಪಿಕೋ ಅಂತಾಳೆ. ಆ ಚಪ್ಪಲಿ ಅಂಗಡಿಯವನು ಇವನು ಬರೋ ಮೊದ್ಲೇ ಊರು ಬಿಟ್ಟಿದ್ದ."

ಕೋಚ್ ಮುಖ್ಲಾಸನ ಹೆಗಲ ಮೇಲೆ ಕೈ ಇಟ್ಟರು. "ಇನ್ಮೇಲೆ ಕೂಗೋನು ನೀನೇ. ಬಾಯಿ ತುಂಬಾ ತಪ್ಪು ಮಾತಾಡು. ಒಂದೂ ಸರಿಯಾಗಿ ಬರಬಾರ್ದು."

ಎರಡನೇ ಅರ್ಧದಲ್ಲಿ ಬದಿ ಬದಲಾಗಿ, ಮಾವ ನಿಂತಿದ್ದ ಕಡೆಯ ಗೋಲಿನೊಳಗಿನಿಂದ, ಎಷ್ಟೋ ಕಾಲದ ಮೇಲೆ ಮುಖ್ಲಾಸನ ದನಿ ಕೇಳಿಸಿತು. ಬಂದರಿನಲ್ಲಿ ಹಡಗಿನಿಂದ ಹಡಗಿಗೆ ಕೂಗಿ ಬೆಳೆದ ಗಂಟಲು ಅದು. "ರಿಕಿ" ಅಂದ, ಡಿಫೆಂಡರುಗಳು ಎಡಕ್ಕೆ ಜಾರಿದರು, ಫೈರೂಜ್ ಬಲಕ್ಕೂ ಇಲ್ಲ ಎಡಕ್ಕೂ ಇಲ್ಲದೆ ನಡುವೆ ನಿಂತ. "ನಂಕಾ" ಅಂದ, ಬಹಾರಿಯ ಸಹಾಯಕ ಕೋಚು ಗೆರೆಯ ಹೊರಗೆ ಕೈ ಚೆಲ್ಲಿ ನಿಂತು ಪಕ್ಕದವನನ್ನು ಕೇಳಿದ:

"ಹಲಸಿನ ಹಣ್ಣು ಅಂತಾನಲ್ಲ, ಎಲ್ಲಿದೆ ಹಲಸಿನ ಹಣ್ಣು?"

ಅಷ್ಟರಲ್ಲಿ ಪ್ರಿಹಾದಿ ಚೆಂಡು ಕಸಿದು ಮುಂದೆ ತಳ್ಳಿದ್ದ. ಐವತ್ತೆಂಟನೇ ನಿಮಿಷಕ್ಕೆ ಒಂದು ಗೋಲು ಬಂತು. ಎಪ್ಪತ್ತೊಂಬತ್ತಕ್ಕೆ ಇನ್ನೊಂದು. ಎರಡಕ್ಕೆ ಎರಡು. ಮೈದಾನದಲ್ಲಿ ಚಾಕ್ ಎನ್ನುವ ಕೂಗು ಎಲ್ಲೋ ಕಳೆದುಹೋಯಿತು. ಅದರ ಜಾಗದಲ್ಲಿ ಜನ, ಯಾಕೆಂದು ತಿಳಿಯದೆಯೇ, ಹಲಸಿನ ಹಣ್ಣು ಎಂದು ಕೂಗತೊಡಗಿದರು.

ಎಂಬತ್ತೆಂಟನೇ ನಿಮಿಷಕ್ಕೆ ಪ್ರಿಹಾದಿಯ ಕಾಲು ಫೈರೂಜನ ಕಾಲಿಗೆ ತಾಗಿತು. ರೆಫರಿ ಬಿಳಿ ಚುಕ್ಕೆ ತೋರಿಸಿದ. ಪೆನಾಲ್ಟಿ.

ಹದಿನೈದು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದರು. ಎಲ್ಲಿಯೋ ಒಂದು ಮಗು ಅಳುವುದು ಕೇಳಿಸುತ್ತಿತ್ತು. ಫೈರೂಜ್ ಚೆಂಡನ್ನು ಇಟ್ಟ, ಎತ್ತಿದ, ಮತ್ತೆ ಇಟ್ಟ. ಮುಖ್ಲಾಸನಿಗೆ ಅವನ ಮುಖದಲ್ಲಿ ಏನೂ ಸಿಗಲಿಲ್ಲ. ಎಡವೋ, ಬಲವೋ. ತಪ್ಪು ಕಡೆಗೆ ಹಾರಿದರೆ ಊರಿಗೆ ಸಾಕ್ಷಿ ಸಿಕ್ಕ ಹಾಗೆ.

ಆಗ ಬೆನ್ನ ಹಿಂದೆ, ಬೇಲಿಯ ಆಚೆಯಿಂದ, ಒಂದು ಮುದಿ ದನಿ ಬಂತು. ಸಾರಿನ ಹಬೆ ಕುಡಿದು ಒರಟಾದ ದನಿ. ಅಜ್ಜಂದಿರು ಕಟ್ಟಿದ ಭಾಷೆಯಲ್ಲಿ ಒಂದಕ್ಷರ ಆಚೀಚೆ ಆಗಲು ಬಿಡದ ಮನುಷ್ಯನ ದನಿ.

"ನಂಕಾ."

ಗೋಲಿನ ಹಿಂದೆ ನಿಂತವನ ಬಲವೂ ಗೋಲ್‌ಕೀಪರನ ಬಲವೂ ಒಂದೇ. ಮುಖ್ಲಾಸ್ ಯೋಚನೆ ಮಾಡಲಿಲ್ಲ. ಬೆಳಿಗ್ಗೆ ತನ್ನನ್ನು ಕೂರಿಸು ಎಂದವರ ಮಾತಿದು ಎಂಬುದೂ ನೆನಪಾಗಲಿಲ್ಲ. ಫೈರೂಜನ ಕಾಲು ಬೀಸುವ ಹೊತ್ತಿಗೆ ಅವನು ಬಲಕ್ಕೆ ಹಾರಿದ್ದ. ಚೆಂಡು ಬಂದು ಎರಡೂ ಅಂಗೈಗೆ ಬಡಿದು ಎದೆಗೆ ಕೂತಿತು.

ಬಿದ್ದಲ್ಲಿಂದಲೇ ಎದ್ದ. ಎಲ್ಲರೂ ಅವನನ್ನು ತಬ್ಬಲು ಓಡಿಬರುತ್ತಿದ್ದರು. ಅವನು ಅವರ ತಲೆಯ ಮೇಲಿನಿಂದ ಚೆಂಡನ್ನು ಎಸೆದು "ರಿಕಿ, ರಿಕಿ" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಬಹಾರಿಯವರೆಲ್ಲ ಇನ್ನೂ ಈ ಕಡೆಯಲ್ಲೇ ತಲೆ ಹಿಡಿದು ನಿಂತಿದ್ದರು. ಎಡಗಡೆಯ ಗೆರೆಗುಂಟ ಒಬ್ಬ ನೀಲಿ ಅಂಗಿಯವನು ಒಂಟಿಯಾಗಿ ಓಡಿದ. ಅವನ ಮುಂದೆ ಬಹಾರಿಯ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ನೆಲದ ಮೇಲಿದ್ದ, ಚೆಂಡು ಬಲೆಯಲ್ಲಿತ್ತು.

ಮೂರಕ್ಕೆ ಎರಡು. ಆಮೇಲೆ ಆದದ್ದೆಲ್ಲ ಡೋಲು, ಧೂಳು, ಕಣ್ಣೀರು. ಮುಖ್ಲಾಸನನ್ನು ಎಷ್ಟು ಜನ ಹೊತ್ತರೋ ಲೆಕ್ಕವಿಲ್ಲ. ಇಳಿದಾಗ ಒಂದು ಕಾಲಿನ ಬೂಟು ಇರಲಿಲ್ಲ.

ಗಾಡಿ ಹತ್ತುವ ಮೊದಲು ಫೈರೂಜ್ ಅವನನ್ನು ಹುಡುಕಿಕೊಂಡು ಬಂದ. ಕಣ್ಣು ಕೆಂಪಾಗಿದ್ದರೂ ಕೈ ಚಾಚಿದ. "ಚಾಕ್, ಅದ್ಯಾವ ಭಾಷೆ ಮಾರಾಯ?"

"ಅದು ನನ್ನೊಬ್ಬಂದೇ," ಅಂದ ಮುಖ್ಲಾಸ್. "ಅಮ್ಮ ಸಿಕ್ರೆ ಹೇಳು, ಮುಂದಿನ ವಾರ ಬರ್ತೀನಿ ಅಂತ." ಈ ಸಲ ಯಾರು ಕೇಳಿಸಿಕೊಂಡರು ಎಂದು ಅವನು ತಿರುಗಿ ನೋಡಲಿಲ್ಲ.

ಸಂಜೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ: "ನನಗೊಂದು ಪಿಕೋ", "ಇಲ್ಲಿ ಎರಡು ಪಿಕೋ". ಇಪೋಕ್ ಎಂದು ಸರಿಯಾಗಿ ಕೇಳಿದ ಒಬ್ಬ ಮುದುಕನಿಗೆ "ಅದೆಲ್ಲ ಹಳೇ ಕಾಲದ್ದು" ಎಂದು ಪಕ್ಕದವರು ದಬಾಯಿಸಿದರು. ರೆತ್ನೊ ಲೋಟ ತೊಳೆದು ತೊಳೆದು ಸುಸ್ತಾಗಿ, ನಗುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಮುಖ್ಲಾಸ್ ಸಾರಿನ ಪಾತ್ರೆಯ ಹತ್ತಿರ ನಿಂತು ಕೇಳಿದ: "ಬಲಕ್ಕೆ ಅಂತ ನಿಮಗೆ ಹೇಗೆ ಗೊತ್ತಾಯ್ತು, ಪಾಕ್?"

ಕಾಸ್ರಾನ್ ಸೌಟು ನಿಲ್ಲಿಸಲಿಲ್ಲ. "ಅವನು ಚೆಂಡಿಟ್ಟು ಮೂರು ಸಲ ಇನ್ನೊಂದು ಮೂಲೆ ನೋಡ್ದ. ಮಾಂಸದುಂಡೆ ಬೇಕಾದ ಗಿರಾಕಿ ಮೊದ್ಲು ಹುರಿದ ಹಪ್ಪಳದ ಬೆಲೆ ಕೇಳ್ತಾನೆ. ನಲವತ್ತು ವರ್ಷ ಇದನ್ನೇ ನೋಡಿದ್ದೀನಿ. ಆದ್ರೆ ನೆಟ್ಟಗೆ ಕೂಗಿದ್ರೆ ಅವನಿಗೂ ತಿಳಿದುಬಿಡುತ್ತಿತ್ತು." ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ, ಯಾರೋ ಸುಳ್ಳು ಹೇಳಿಸಿದ ಹಾಗೆ ಮುಖ ಹುಳ್ಳಗೆ ಮಾಡಿಕೊಂಡು ಅಂದರು: "ಇಷ್ಟು ವಯಸ್ಸಿಗೆ ನನ್ನ ಬಾಯೂ ಕೆಡಿಸಿಬಿಟ್ಟೆ."

ಆಮೇಲೆ ಅವರು ಯಾರಿಗೂ ಹೇಳದೆ ಹಿತ್ತಿಲಿಗೆ ಹೋದರು. ಕೋಳಿಗಳು ಗಲಾಟೆ ಮಾಡಿದ್ದು ಕೇಳಿಸಿತು. ಬೈಕನ್ನು ತಳ್ಳಿಕೊಂಡು ಬಂದು, ಅಂಗಡಿಯ ಎದುರಿಗೆ, ಬೋರ್ಡಿನ ದೀಪದ ಕೆಳಗೇ ನಿಲ್ಲಿಸಿದರು. ಪ್ಲೇಟಿನ ಮೇಲಿನ ಬಟ್ಟೆ ತೆಗೆದು, ಅದೇ ಬಟ್ಟೆಯಿಂದ ಅಕ್ಷರಗಳನ್ನು ಒರೆಸಿದರು.

ಆಚೆ ಬೀದಿಯಿಂದ ಹೊಸದಾಗಿ ಬಂದ ಯುವಕರ ಗುಂಪೊಂದು ಆ 'ಎಲ್' ಅಕ್ಷರ ಕಂಡು ನಿಂತಿತು. ಒಬ್ಬ ಹುಬ್ಬು ಗಂಟಿಕ್ಕಿದ. "ಸುರಬಾಯಾ ಗಾಡಿ ಯಾರದ್ದು ಇಲ್ಲಿ?"

ಕಾಸ್ರಾನ್ ಬಟ್ಟೆ ಹಿಂಡುತ್ತ, ತಲೆಯೆತ್ತದೆ ಅಂದರು:

"ನಮ್ಮ ಸಾಮ್‌ದು."

ಮುಖ್ಲಾಸನ ಕೈಯಲ್ಲಿದ್ದ ಲೋಟದ ಪಿಕೋ ಅರ್ಧ ಅಂಗಿಯ ಮೇಲೆ ಚೆಲ್ಲಿತು.