ಎದುರುಮನೆಯ ಮಹಜರು

ಬೆಳಗ್ಗೆ ಹತ್ತಕ್ಕೆ ಯಾರೋ ಬಾಗಿಲು ಬಡಿದರು. ನನ್ನ ಬಾಗಿಲು ಬಡಿಯುವವರು ನಾರಿನ್ ಎಂಬ ಈ ಊರಲ್ಲಿ ಯಾರಿದ್ದಾರೆ? ಮೀಟರ್ ನೋಡುವವನೂ ಹೊರಗಿನಿಂದಲೇ ಹೋಗುತ್ತಾನೆ. ತೆರೆದರೆ ಇಬ್ಬರು ಪೇದೆಗಳು, ಜೊತೆಗೆ ನಾಜಿರಾ ಎಂಬ ಎಳೆ ವಯಸ್ಸಿನ ಅಧಿಕಾರಿ.

"ಅಕ್ಕಾ, ಎದುರುಮನೆ ಸುಯುಂಬೈ ಅವ್ರ ಮನೆ ಶೋಧಿಸ್ಬೇಕು. ಕೋರ್ಟಿನ ಆದೇಶ ಇದೆ. ಇಬ್ರು ಪಂಚರು ಇರ್ಲೇಬೇಕು. ನಿಮಗೂ ಅವ್ರಿಗೂ ನೆಂಟಸ್ತಿಕೆ, ಜಗಳ ಏನಾದ್ರೂ ಇದೆಯಾ?"

"ಏನೂ ಇಲ್ಲಮ್ಮ" ಎಂದೆ.

ಹಸಿ ಸುಳ್ಳು. ಏಳು ವರ್ಷದಿಂದ ಆ ಮನುಷ್ಯನನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ. ಅವನ ಹೆಂಡತಿ ಸತ್ತ ನಲವತ್ತನೇ ದಿನಕ್ಕೆ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು, ನನ್ನ ನೀಲಿ ಬಟ್ಟಲಿನ ತುಂಬ ಕೊಟ್ಟು ಬಂದಿದ್ದೆ. ನಮ್ಮಲ್ಲಿ ಬಂದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಇವನು ಬಟ್ಟಲನ್ನೇ ನುಂಗಿದ್ದ.

ಈಗ ಅವನು ಕಾವಲಿರುವ ಅಕ್ಕಸಾಲಿಗನ ಅಂಗಡಿಯಿಂದ ಬೆಳ್ಳಿ ಡಾಬು ಕಾಣೆಯಾಗಿತ್ತಂತೆ. ಮನೆಯಲ್ಲಿ ಸಿಕ್ಕರೆ ಜೈಲು. ಒಪ್ಪಿಕೊಳ್ಳುತ್ತೇನೆ, ಶಾಲು ಹೊದೆಯುವಾಗ ಒಳಗೊಳಗೇ ಖುಷಿಯಾಗಿತ್ತು.

ಎರಡನೇ ಪಂಚ ಕೆಳಮನೆಯ ಜಪಾರ್. ನಾಜಿರಾ ಆದೇಶವನ್ನು ಗಟ್ಟಿಯಾಗಿ ಓದಿ, ಸುಯುಂಬೈಯ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡಳು.

"ಡಾಬು ಇದ್ರೆ ನೀವೇ ಕೊಟ್ಬಿಡಿ ಅಣ್ಣ. ಕೆದಕೋದು ತಪ್ಪುತ್ತೆ."

"ಇಲ್ಲಮ್ಮ. ನೋಡ್ಕೊಳ್ಳಿ."

ಅವಳು ನಮ್ಮ ಕಡೆ ತಿರುಗಿದಳು. "ಪಂಚರು ನಮ್ಮ ಕೈಯನ್ನೇ ನೋಡ್ತಿರಿ. ಕಣ್ಣಾರೆ ನೋಡದೇ ಇರೋದಕ್ಕೆ ಸಹಿ ಹಾಕ್ಬೇಡಿ."

ಒಂದು ಕೋಣೆ ಮುಗಿಸದೆ ಇನ್ನೊಂದಕ್ಕೆ ಹೋಗಲಿಲ್ಲ. ತೆಗೆದದ್ದನ್ನು ಇದ್ದಲ್ಲೇ ಇಟ್ಟರು.

"ಕಾಲಿಪಾ, ಇಷ್ಟ್ ಹೊತ್ತು ನೀನು ಬಾಯಿ ಮುಚ್ಕೊಂಡಿದ್ದು ಇದೇ ಮೊದ್ಲು" ಎಂದು ಜಪಾರ್ ನನ್ನನ್ನು ಕೆಣಕಿದ.

"ನಿನ್ನ ಕಣ್ಣು ಅವ್ರ ಕೈ ಮೇಲಿರ್ಲಿ, ನನ್ನ ಬಾಯಿ ಮೇಲಲ್ಲ."

ನಾನಂತೂ ನೋಡಿದೆ. ಒಂದು ಚಮಚ, ಒಂದು ಲೋಟ, ಒಂದು ದಿಂಬು. ಗೂಟದಲ್ಲಿ ಹೆಂಡತಿಯ ಕೋಟು ಇನ್ನೂ ನೇತಾಡುತ್ತಿತ್ತು. ಕೋಟೊಂದನ್ನು ಬಿಟ್ಟರೆ ಎಲ್ಲ ನನ್ನ ಒಂಟಿ ಮನೆಯ ಹಾಗೇ. ಬಂದಾಗಿನ ಖುಷಿ ಎಲ್ಲಿ ಹೋಯಿತೋ.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಪೇಪರ್ ಸುತ್ತಿ ದಾರ ಕಟ್ಟಿದ ಗಂಟೊಂದಿತ್ತು. ಪೇದೆ ಕೈ ಹಾಕಿದ ಕೂಡಲೇ ಸುಯುಂಬೈ ಒಂದು ಹೆಜ್ಜೆ ಮುಂದೆ ಬಂದ.

"ಅದು ಬೇಡ" ಎಂದ.

ಡಾಬು ಅಲ್ಲದಿರಲಿ ಎಂದು ಬೇಡಿಕೊಂಡವಳು ಈಗ ನಾನೇ. ನಾಜಿರಾ ನಮ್ಮನ್ನು ಹತ್ತಿರ ಕರೆದು ದಾರ ಬಿಚ್ಚಿಸಿದಳು. ನನ್ನ ನೀಲಿ ಬಟ್ಟಲು. ಅದರ ತುಂಬ ಕಲ್ಲಾಗಿಹೋದ ಮಿಠಾಯಿ.

"ಯಾರದಿದು?"

"ನಂದು" ಎಂದೆ ನಾನು.

"ಬರಿ ಬಟ್ಟಲು ಹೆಂಗೆ ಕೊಡ್ಲಿ?" ಎಂದ ಅವನು, ನೆಲಕ್ಕೆ ಹೇಳುವಂತೆ. "ನಂಗೆ ಅಡುಗೆ ಬರಲ್ಲ. ಎಷ್ಟೋ ತಿಂಗಳಾದ್ಮೇಲೆ ಮಿಠಾಯಿ ತಂದೆ, ನಿಮ್ಮ ಬಾಗಿಲ ತನಕ ಬಂದೆ. ಅಷ್ಟರಲ್ಲಿ ನೀವು ಮಾತು ಬಿಟ್ಟಿದ್ರಿ."

ನಾಜಿರಾ ನನ್ನನ್ನೇ ನೋಡಿದಳು. "ಜಗಳ ಏನೂ ಇಲ್ಲ ಅಂದ್ರಲ್ಲ ಅಕ್ಕಾ. ಮೊದ್ಲೇ ಹೇಳಿದ್ರೆ ಬೇರೆಯವ್ರನ್ನ ಕರೀತಿದ್ದೆ."

ಅದನ್ನೂ ಮಹಜರಿನಲ್ಲಿ ಬರೆದಳು. ನಾನು ಬಟ್ಟಲಿಗೆ ಕೈ ಚಾಚಿದೆ. ಅವಳು ತಡೆದಳು.

"ಇದು ಆದೇಶದಲ್ಲಿಲ್ಲ, ನಾನು ತಗೊಂಡು ಕೊಡೋ ಹಾಗಿಲ್ಲ. ಆಮೇಲೆ ನೀವಿಬ್ರೇ ಮಾತಾಡ್ಕೊಳ್ಳಿ."

ಬಟ್ಟಲು ಮತ್ತೆ ಹಲಗೆ ಏರಿತು. ಏನೂ ಸಿಗಲಿಲ್ಲವೆಂದು ಮಹಜರು ಓದಿದಳು, ಎಲ್ಲರೂ ಸಹಿ ಹಾಕಿದೆವು, ಒಂದು ಪ್ರತಿ ಅವನಿಗೆ ಕೊಟ್ಟಳು. ಹೊರಗೆ ಮೆಟ್ಟಿಲ ತುಂಬ ಜನ. ಅವನು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದ. ಚಾ ಕುಡಿಯೋಕೆ ಬನ್ನಿ ಅನ್ನಬೇಕಿತ್ತು. ಜನ ನೋಡುತ್ತಿದ್ದಾರೆಂದು ನನ್ನ ಮನೆಯೊಳಗೆ ಬಂದುಬಿಟ್ಟೆ.

ಮೂರನೇ ದಿನ ಡಾಬು ಅಕ್ಕಸಾಲಿಗನ ಅಳಿಯನ ಮನೆಯಲ್ಲೇ ಸಿಕ್ಕಿತೆಂಬ ಸುದ್ದಿ ಬಂತು. ಸುಯುಂಬೈಗೆ ನಾನೇ ಮೊದಲು ಹೇಳಬೇಕೆಂದು ಬಾಗಿಲು ತೆರೆದೆ. ಎದುರುಮನೆಗೆ ಬೀಗ. ನನ್ನ ಹೊಸ್ತಿಲಲ್ಲಿ ನೀಲಿ ಬಟ್ಟಲು, ತುಂಬ ಬೋರ್ಸೋಕ್, ಹೊರಗೆ ಸೀದು ಒಳಗೆ ಹಸಿ.

"ಬೆಳಗ್ಗೆ ಬಸ್ಸಿಗೆ ಹೋದ, ತಂಗಿ ಊರಿಗೆ" ಎಂದ ಜಪಾರ್. "ಪೊಲೀಸರು ಬಂದು ಹೋದ್ಮೇಲೆ ಈ ಮೆಟ್ಟಿಲು ಹತ್ತೋಕಾಗಲ್ಲ ಅಂದ."

ಒಂದನ್ನೂ ಬಿಡದೆ ತಿಂದೆ. ಬಟ್ಟಲು ತೊಳೆದು ಮೇಜಿನ ಮೇಲಿಟ್ಟಿದ್ದೇನೆ. ಎದುರುಮನೆಗೆ ಇನ್ನೂ ಯಾರೂ ಬಂದಿಲ್ಲ.