ಮುಚ್ಚಳದ ಸದ್ದು ಕೊಳೆಯಲ್ಲ

ನನ್ನ ಆಂಪಿನ, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಯ, ಮುಖಕ್ಕೆ ಒಂದು ತಗಡಿನ ಪಟ್ಟಿ ಬಿಗಿದಿದ್ದೇನೆ. ಅದರಲ್ಲಿ ಸೋಡಾ ಬಾಟಲಿಯ ಮುಚ್ಚಳಗಳು ಸಡಿಲವಾಗಿ ತೂಗುತ್ತವೆ. ಗಿಟಾರ್ ಮೀಟಿದರೆ ಅವು ಜಿರಿಜಿರಿ ಎನ್ನುತ್ತವೆ. ನಾನು ಬೆಳೆದದ್ದು ಎಂಬಿರಾ ವಾದ್ಯದ ಕಬ್ಬಿಣದ ಕಡ್ಡಿಗಳ ಮೇಲೆ ಹೆಬ್ಬೆರಳಾಡಿಸುತ್ತ. ಆ ವಾದ್ಯಕ್ಕೂ ಹೀಗೇ ಮುಚ್ಚಳ ಕಟ್ಟುತ್ತೇವೆ. ಜಿರಿಜಿರಿ ಇಲ್ಲದಿದ್ದರೆ ಹಿರಿಯರು ಕಿವಿಗೊಡುವುದಿಲ್ಲ. ಹಿರಿಯರೆಂದರೆ ಸತ್ತವರು. ಬದುಕಿರುವವರು ಹೇಗೂ ಕಿವಿಗೊಡುವುದಿಲ್ಲ.

ಮೂವತ್ತು ವರ್ಷ ಮದುವೆಮನೆ, ಬಿಯರ್ ಅಂಗಡಿ ಎಂದು ನುಡಿಸಿದರೂ ನನ್ನ ಒಂದು ಹಾಡೂ ಎಲ್ಲೂ ಧ್ವನಿಮುದ್ರಣವಾಗಿರಲಿಲ್ಲ. ಈಗ ರೇಡಿಯೋದವರು ಗಿಟಾರ್ ನುಡಿಸುವ ಹೆಂಗಸರದೇ ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಶುಕ್ರವಾರ ಸಂಜೆ ಐದರೊಳಗೆ ಹಾಡು ಕಳಿಸಬೇಕಿತ್ತು. ಆ ದಿನ ಬೆಳಿಗ್ಗೆ ಆಂಪು ಹೊತ್ತುಕೊಂಡು ಸಕುಬ್ವಾ ಮಾರುಕಟ್ಟೆಯ ಹಿಂದಿರುವ ಟಾಫಿಯ ಕೋಣೆಗೆ ಹೋದೆ. ಟಾಫಿ ನನ್ನ ತಮ್ಮನ ಮಗ. ನಾನು ಅವನ ಟೇಟೆ, ಅಂದರೆ ಸೋದರತ್ತೆ. ನಮ್ಮಲ್ಲಿ ಟೇಟೆಯ ಮಾತಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿಲ್ಲ.

ಅವನು ಆಂಪಿಗೂ ಕಂಪ್ಯೂಟರಿಗೂ ಯುಎಸ್‌ಬಿ ತಂತಿ ಸಿಕ್ಕಿಸಿದ. ಏನೂ ಆಗಲಿಲ್ಲ.

“ಏನೋ, ನಿನ್ನ ಡಬ್ಬಕ್ಕೆ ನನ್ನ ಗುರುತೇ ಹತ್ತಲಿಲ್ವಾ?”

“ಡ್ರೈವರ್ ಹಾಕ್ಬೇಕು ಟೇಟೆ. ಆಮೇಲೇ ಆಂಪು ಹೇಳಿದ್ದು ಇದಕ್ಕೆ ಅರ್ಥ ಆಗೋದು.”

“ಒಂದು ಮೊಳ ತಂತಿಗೂ ದುಭಾಷಿ ಬೇಕಾ? ಹಾಕು ಹಾಕು.”

ಡ್ರೈವರ್ ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋಯಿತು. ಮಧ್ಯಾಹ್ನ ಎರಡು ಗಂಟೆಗೆ ಬಂತು. ಮತ್ತೆ ಮೊದಲಿಂದ ಇಳಿಸಿ, ಕಂಪ್ಯೂಟರನ್ನು ಆರಿಸಿ ಹಚ್ಚಿದಾಗ ಪಟ್ಟಿಯಲ್ಲಿ ನನ್ನ ಆಂಪಿನ ಹೆಸರು ಕಾಣಿಸಿತು. ನುಡಿಸಿದೆ. ಟಾಫಿ ಅದನ್ನು ಕಂಪ್ಯೂಟರಿನಲ್ಲಿ ಹಿಡಿದು, ಮತ್ತೆ ಹಾಕಿ ಕೇಳಿಸಿದ. ಹಾಡು ಆಂಪಿನಿಂದಲೇ ಹೊರಬಂತು, ಜಿರಿಜಿರಿ ಸಮೇತ. ಇಬ್ಬರೂ ಕುಣಿದೆವು. ಒಂದು ಬಾಟಲಿ ಮಹೇವು ಅಂಬಲಿಯನ್ನು ಹಂಚಿಕೊಂಡು ಕುಡಿದೆವು.

ಕಳಿಸುವ ಮುಂಚೆ ಅವನು ಹಾಡನ್ನು ತನ್ನ ಫೋನಿಗೆ ಹಾಕಿಕೊಂಡ. ಫೋನಿನಲ್ಲಿ ಗಿಟಾರ್ ಇತ್ತು, ಜಿರಿಜಿರಿ ಇರಲಿಲ್ಲ. ಬೋಳು ಹಾಡು.

“ಅಯ್ಯೋ ಟೇಟೆ, ತಂತಿ ಆಂಪಿನ ಹೊಟ್ಟೆಯಿಂದಲೇ ಸದ್ದು ಎತ್ಕೊಂಡಿದೆ. ಮುಚ್ಚಳ ಇರೋದು ಹೊರಗೆ. ಕಂಪ್ಯೂಟರ್ ಅದನ್ನ ಕೇಳೇ ಇಲ್ಲ.”

“ಈಗ ತಾನೇ ಕೇಳಿಸ್ತಲ್ಲೋ!”

“ಕೇಳಿಸಿದ್ದೂ ಇದೇ ಆಂಪಲ್ಲೇ ತಾನೇ? ವಾಪಸ್ ಬಂದ ಹಾಡಿಗೆ ಮುಚ್ಚಳ ಹೊಸದಾಗಿ ಕುಣಿದಿವೆ ಅಷ್ಟೇ.” ಆಮೇಲೆ ಮೆಲ್ಲಗೆ, “ಬಿಡಿ, ಒಳ್ಳೇದೇ ಆಯ್ತು. ಕ್ಲೀನಾಗಿದೆ. ರೇಡಿಯೋಗೆ ಇದೇ ಬೇಕು,” ಎಂದ.

“ಹಲ್ಲಿಲ್ಲದ ಬಾಯೂ ಕ್ಲೀನಾಗೇ ಇರುತ್ತೆ. ಮೈಕ್ ತೆಗಿ. ಆ ಹಾಡನ್ನೇ ಆಂಪಲ್ಲಿ ಹಾಕು, ಮೈಕನ್ನ ಮುಚ್ಚಳದ ಮುಂದೆ ಹಿಡಿ.”

“ಪಕ್ಕದಲ್ಲಿ ವೆಲ್ಡಿಂಗ್ ನಡೀತಿದೆ. ವ್ಯಾನಿನವರ ಕೂಗಾಟ ಬೇರೆ. ಎಲ್ಲಾ ಒಳಗೆ ಬರುತ್ತೆ!”

“ಬರಲಿ. ಅವರೂ ಈ ಊರಿನವರೇ.”

ಹಾಗೆ ಮೈಕಿನಲ್ಲಿ ಹಿಡಿದ ಹಾಡನ್ನು ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದೆವು. ಸ್ವಲ್ಪ ಹೊತ್ತಿಗೆ ರೇಡಿಯೋದ ಹುಡುಗಿ ಫೋನ್ ಮಾಡಿದಳು.

“ಅಮ್ಮಾ, ಹಾಡು ತುಂಬಾ ಚೆನ್ನಾಗಿದೆ. ಆದ್ರೆ ನಿಮ್ಮ ಸ್ಪೀಕರ್ ಹರಿದಿರ್ಬೇಕು, ಏನೋ ಕೊಳೆ ಸದ್ದು ಬರ್ತಿದೆ. ಕ್ಲೀನಾಗಿರೋದು ಇದ್ರೆ ಈಗಲೇ ಕಳಿಸಿ. ಇಲ್ಲಾಂದ್ರೆ ನಿಮ್ಮ ಹಾಡು ಕೈಬಿಡ್ಬೇಕಾಗುತ್ತೆ.”

ಇದೆ, ಇದೆ ಎಂದು ಟಾಫಿ ಎರಡೂ ಕೈಯಲ್ಲಿ ಸನ್ನೆ ಮಾಡಿದ. ನನಗೂ ಆಸೆಯಾಯಿತು. ಒಂದೇ ಒಂದು ಸಲ ರೇಡಿಯೋದಲ್ಲಿ ನನ್ನ ಹೆಸರು ಬರಲಿ ಎಂದು ಎಷ್ಟು ವರ್ಷ ಕಾದಿದ್ದೆ! ಆದರೆ ಆ ಬೋಳು ಹಾಡು ಅಲ್ಲಿರುವವರೆಗೆ ಇವತ್ತಲ್ಲ ನಾಳೆ ನಾನು ಸೋಲುತ್ತೇನೆ ಎಂದೂ ಗೊತ್ತಿತ್ತು. ಫೋನಿಗೆ ಕೈ ಅಡ್ಡ ಹಿಡಿದೆ.

“ಅದನ್ನ ಅಳಿಸು.”

“ಟೇಟೆ, ತಲೆ ಕೆಟ್ಟಿದೆಯಾ? ನನ್ನ ಕೈಯಲ್ಲಾಗಲ್ಲ. ನೀವೇ ಒತ್ಕೊಳ್ಳಿ.” ಅವನ ಕಣ್ಣು ತುಂಬಿತ್ತು.

ನಾನೇ ಒತ್ತಿದೆ. ನಿಜವಾಗಿಯೂ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅದಕ್ಕೂ ಟೇಟೆಯ ಮಾತಿನ ಮೇಲೆ ನಂಬಿಕೆಯಿಲ್ಲ. ಹೌದು ಎಂದು ಇನ್ನೊಮ್ಮೆ ಒತ್ತಿದೆ. ಟಾಫಿಯ ಫೋನಿನಲ್ಲಿದ್ದುದನ್ನೂ ಅಳಿಸಿದೆ.

“ನನ್ನ ಹತ್ರ ಇರೋದು ಇದೊಂದೇ ಕಣಮ್ಮಾ,” ಎಂದೆ ಫೋನಿಗೆ. “ಸ್ಪೀಕರ್ ಹರಿದಿಲ್ಲ. ಹಾಕೋದಾದ್ರೆ ಇದನ್ನೇ ಹಾಕು. ಇಲ್ಲಾ ನನ್ನ ಹೆಸರು ಹೊಡೆದುಹಾಕು.”

ಹೊಡೆದುಹಾಕಿದಳು. ಭಾನುವಾರ ಮಧ್ಯಾಹ್ನ ಕಾರ್ಯಕ್ರಮ ಬಂದಾಗ ಅದರಲ್ಲಿ ನಾನಿರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಆಂಪನ್ನು ಬಾಗಿಲಿಗೆ ಎಳೆದು, ದನಿ ಪೂರ್ತಿ ಏರಿಸಿ, ಗಿಟಾರ್ ಎತ್ತಿಕೊಂಡೆ. ಓಣಿಯುದ್ದಕ್ಕೂ ಜಿರಿಜಿರಿ.

“ರೇಡಿಯೋ ಕೇಳಿಸ್ತಿಲ್ಲ!” ಎಂದು ಪಕ್ಕದ ಮನೆಯವನು ಬೇಲಿಯಾಚೆಯಿಂದ ಕೂಗಿದ.

“ಅದಕ್ಕೇ ನುಡಿಸ್ತಿರೋದು!” ಎಂದೆ.