ಅಲೆಗೂದಲಿನ ನೊಣ

ಬೀದಿಯವರಿಗೆ ಅವರು ನೊಣದ ಮೇಷ್ಟ್ರು. ಪಾಠ ಹೇಳಿದ್ದು ಯಾರಿಗೂ ಇಲ್ಲ. ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ ಕೂತು, ಬೆಟ್ಟಗಳಿಂದ ಹಿಡಿದು ತಂದ ಕುಣಿಯುವ ನೊಣಗಳಿಗೆ ಹೆಸರಿಡುವುದು ಅವರ ಕೆಲಸ. ಈ ಜಾತಿಯ ಗಂಡುಗಳು ತೊರೆಯ ಮೇಲೆ ಗುಂಪುಕಟ್ಟಿ ಕುಣಿಯುತ್ತವೆ, ಹೆಣ್ಣಿಗೊಂದು ಸತ್ತ ಹುಳುವನ್ನು ಉಡುಗೊರೆಯಾಗಿ ಒಯ್ಯುತ್ತವೆ. "ನಿನಗಿಂತ ವಾಸಿ ಬಿಡು, ಬರಿಗೈಲಿ ಹೋಗಲ್ಲ," ಎಂದು ಮದುವೆಯಾಗದ ಮೇಷ್ಟ್ರಿಗೆ ಅವರ ಅಕ್ಕ ಆಗಾಗ ಹೇಳುವುದಿತ್ತು.

ಅಕ್ಕ ಅದೇ ಕೋಣೆಯ ಕಿಟಕಿ ಬಳಿ ಕೂತು, ಸೂಕ್ಷ್ಮದರ್ಶಕದಲ್ಲಿ ನೋಡಿ ನೊಣಗಳ ಚಿತ್ರ ಬರೆಯುತ್ತಿದ್ದರು. ಎಷ್ಟು ಕರಾರುವಾಕ್ಕೆಂದರೆ, ಈಚೀಚೆಗೆ ಮೇಷ್ಟ್ರು ನೊಣವನ್ನು ಬಿಟ್ಟು ಚಿತ್ರವನ್ನೇ ನೋಡಿ ವರ್ಣನೆ ಬರೆಯುತ್ತಿದ್ದರು. ನೊಣ ಚಿಕ್ಕದು, ಚಿತ್ರ ದೊಡ್ಡದು, ಕಣ್ಣಿಗೂ ವಯಸ್ಸಾಗಿತ್ತು.

"ಕ್ಯಾಮೆರಾ ಇದೆಯಲ್ಲ, ಚಿತ್ರ ಯಾಕೆ?" ಎಂದು ಹೊಸ ಮುಖ್ಯಸ್ಥರು ಕೇಳಿದಾಗಲೆಲ್ಲ ಮೇಷ್ಟ್ರದು ಒಂದೇ ಉತ್ತರ: "ಕ್ಯಾಮೆರಾಗೆ ಯಾವ ಕೂದಲು ಮುಖ್ಯ ಅಂತ ಗೊತ್ತಾಗಲ್ಲ ಸಾರ್." ಅಕ್ಕನ ಕುರ್ಚಿ ಆ ಮಾತಿನ ಮೇಲೆ ನಿಂತಿತ್ತು.

ಈ ಸಲ ಐದು ಹೊಸ ಜಾತಿ. ಬರೆದು ಕಳಿಸಿದ ಲೇಖನ ವಿಜ್ಞಾನ ಪತ್ರಿಕೆಯಿಂದ ಒಂದು ಪ್ರಶ್ನೆಯೊಡನೆ ವಾಪಸಾಯಿತು. ನಾಲ್ಕನೆಯದಕ್ಕೂ ಐದನೆಯದಕ್ಕೂ ಇರುವ ವ್ಯತ್ಯಾಸ ಹಿಂಗಾಲಿನ ಕೂದಲು ಅಲೆಅಲೆಯಾಗಿರುವುದೊಂದೇ. ದಯವಿಟ್ಟು ಇನ್ನೊಮ್ಮೆ ನೋಡುವಿರಾ?

ಮೇಷ್ಟ್ರು ಮೀಸೆಯಲ್ಲೇ ನಕ್ಕು ಐದನೆಯ ನೊಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕೂದಲು ಸೂಜಿಯಂತೆ ನೆಟ್ಟಗಿತ್ತು. ಅದೇ ಜಾತಿಯೆಂದು ಜೊತೆಗಿಟ್ಟಿದ್ದ ಇನ್ನೊಂದು ನೊಣದ್ದೂ ನೆಟ್ಟಗೆ. ಆಮೇಲೆ ಚಿತ್ರದ ಮೇಲೆ ಭೂತಗನ್ನಡಿ ಹಿಡಿದರು. ಅಲ್ಲಿ ಕೂದಲಷ್ಟೇ ಅಲ್ಲ, ರೆಕ್ಕೆಯ ಅಂಚಿನ, ಕಾಲಿನ ಉಗುರಿನ ಗೆರೆಗಳೂ ಸಣ್ಣಗೆ ನಡುಗಿದ್ದವು.

"ಏನಂತೆ?" ಎಂದರು ಅಕ್ಕ.

"ಏನಿಲ್ಲ. ಐದನೇದನ್ನ ಕೈಬಿಡೋಣ ಅಂತ."

"ಯಾಕೋ? ಅಲೆಗೂದಲು ಅಂತ ಲ್ಯಾಟಿನ್‌ನಲ್ಲಿ ಅಷ್ಟು ಚೆಂದದ ಹೆಸರಿಟ್ಟಿದ್ದೆ."

"ಕೂದಲು ಈಗ ನೆಟ್ಟಗಿದೆ. ಒಣಗಿ ಹಾಗಾಗಿರಬೇಕು."

ಒಣಗಿದ ಕೂದಲು ನೆಟ್ಟಗಾಗುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಅಕ್ಕ ಎದ್ದು ಬಂದು ತಾವೇ ನೋಡಿದರು, ಬಹಳ ಹೊತ್ತು. ಸೂಕ್ಷ್ಮದರ್ಶಕದ ತಿರುಗಣೆಯ ಮೇಲಿಟ್ಟ ಅವರ ಬೆರಳು ತನ್ನಷ್ಟಕ್ಕೆ ಟಕಟಕ ಬಡಿಯುತ್ತಿತ್ತು.

"ಕಾಫಿ ಜಾಸ್ತಿಯಾಯ್ತೇನೋ ಅಂದ್ಕೊಂಡೆ. ಬಿಟ್ಟು ನೋಡಿದೆ. ಅದಲ್ಲ."

"ಹೇಳೋದಲ್ವಾ ಅಕ್ಕ?"

"ನಿನಗೇ ಕಂಡಾಗ ಹೇಳೋಣ ಅಂತಿದ್ದೆ. ನೀನು ನೊಣ ನೋಡೋದನ್ನೇ ಬಿಟ್ಟಿದ್ದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಮೊದಲೇ ಶುಭ್ರವಾಗಿತ್ತು.

"ಮುಖ್ಯಸ್ಥರ ಹತ್ರ ಕ್ಯಾಮೆರಾ ಕೇಳು," ಎಂದರು ಅಕ್ಕ.

"ಅದಕ್ಕೆ ಯಾವ ಕೂದಲು ಮುಖ್ಯ ಅಂತ..."

"ಗೊತ್ತಾಗಲ್ಲ, ಸರಿ. ನೆಟ್ಟಗಿರೋದನ್ನ ನೆಟ್ಟಗೆ ತೋರಿಸುತ್ತೆ."

ಅಕ್ಕ ಕಿಟಕಿ ಬಳಿ ಹೋಗಿ ನಿಬ್ಬುಗಳನ್ನು ತೊಳೆದು, ಒರೆಸಿ, ಒಂದೊಂದಾಗಿ ಡಬ್ಬಿಗೆ ಹಾಕಿದರು. ಶಾಯಿ ಶೀಶೆಯ ಮುಚ್ಚಳ ಮಾತ್ರ ಕೂರಲೊಲ್ಲದು. ಮತ್ತೊಮ್ಮೆ ಇಟ್ಟರು, ಮತ್ತೆ ಜಾರಿತು. ಮೇಷ್ಟ್ರು ಎದ್ದು ಬಂದು ಅದನ್ನು ಬಿಗಿಯಾಗಿ ತಿರುಗಿಸಿ ಕೊಟ್ಟರು. ಆಮೇಲೆ ತಮ್ಮ ಮೇಜಿಗೆ ಮರಳಿ, ಲೇಖನದಲ್ಲಿ ಐದು ಎಂದಿದ್ದ ಕಡೆಯಲ್ಲೆಲ್ಲ ನಾಲ್ಕು ಎಂದು ತಿದ್ದತೊಡಗಿದರು.